ಇದ್ಯಾವ ಪ್ರಸಂಗ?

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಮಕ್ಕಳ ಮನೆಗೆ ಬಂದ ಹಿರಿಯರಿಗೆ ಲಾಲ್‌ಬಾಗು, ವಿಧಾನಸೌಧ ಮುಗಿದ ಮೇಲೆ ಇದರ ಸರದಿ. ಅಂಗಳದ ದೊಡ್ಡ ಮರಗಳ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಒಳಗೆ.

ಸಿದ್ದಾಪುರದ ಮಾವನೊಬ್ಬರು ಪ್ರತಿ ಚಿತ್ರದ ಮುಂದೂ ಕೇಳಿದ್ದು ಒಂದೇ: "ಇದ್ಯಾವ ಪ್ರಸಂಗನೋ ತಮಾ?" ಅಳಿಯ ಚೀಟಿ ಓದಿ "ಅನ್‌ಟೈಟಲ್ಡ್" ಅಂದ. ಯಾವ ಯಕ್ಷಗಾನ ಮೇಳದವರು ಆಡುತ್ತಾರೆ ಎಂದು ಮಾವ ವಿಚಾರಿಸಿದರು.

ವಿಚಿತ್ರ ಕಂಡು ಬೆಚ್ಚುವ ಜನವಲ್ಲ ಇವರು. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯಲ್ಲಿ ಶಿರಸಿಯ ಬೀದಿಗೆ ಬೇಡರ ವೇಷ ಇಳಿಯುತ್ತದೆ: ಬೆನ್ನಿಗೆ ನವಿಲುಗರಿಯ ದೊಡ್ಡ ಚಕ್ರ, ಕೈಯಲ್ಲಿ ಕತ್ತಿ, ಹಿಡಿದು ನಿಲ್ಲಿಸಲು ಹಿಂದಿನಿಂದ ಹಗ್ಗ. ಆಂದ್ರೆ ಬ್ರೆತೊ 1924ರಲ್ಲಿ ಪ್ಯಾರಿಸ್ಸಿನಲ್ಲಿ ಅತಿವಾಸ್ತವವಾದದ ಪ್ರಣಾಳಿಕೆ ಬರೆಯುವ ಮೊದಲು ಒಮ್ಮೆ ಶಿರಸಿ ಬಸ್ಸು ಹತ್ತಬೇಕಿತ್ತು. ವ್ಯತ್ಯಾಸ ಇಷ್ಟೆ, ಬೇಡನಿಗೆ ಒಂದು ಕಥೆಯಿದೆ.

ಅಳಿಯ ಮೊಬೈಲಿನಲ್ಲಿ ಸಾಲ್ವಡಾರ್ ಡಾಲಿಯನ್ನು ತೆಗೆದ. 1931ರ ಕರಗುವ ಗಡಿಯಾರಗಳು. ಬಿಸಿಲಿಗೆ ಕರಗಿದ ಕಮಾಂಬೇರ್ ಗಿಣ್ಣು ನೋಡಿ ಹೊಳೆದದ್ದೆಂದು ಡಾಲಿಯೇ ಹೇಳಿಕೊಂಡಿದ್ದ. ಜಗತ್ಪ್ರಸಿದ್ಧ ಚಿತ್ರದ ಅಳತೆ ಬರೀ 24 × 33 ಸೆಂಟಿಮೀಟರು. "ನಮ್ಮನೆ ಕ್ಯಾಲೆಂಡರ್ ಇದಕ್ಕಿಂತ ದೊಡ್ಡದು" ಎಂದು ಮಾವ ಸಮಾಧಾನಪಟ್ಟರು. ಮೆರೆಟ್ ಓಪನ್‌ಹೈಮ್ 1936ರಲ್ಲಿ ಕಪ್ಪು, ಬಸಿ, ಚಮಚೆಗೆಲ್ಲ ತುಪ್ಪಳ ಹೊದಿಸಿದ್ದು ಬಂದಾಗ ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಇದ್ನ ತೊಳೆಯದು ಹ್ಯಾಂಗೆ?" ಕಲಾವಿಮರ್ಶಕರು ಇಷ್ಟು ನೇರವಾಗಿ ಕೇಳಿದ್ದು ಕಡಿಮೆ.

ಶಿಲ್ಪಗಳನ್ನು ಮುಟ್ಟುವಂತಿಲ್ಲ ಎಂಬುದು ಯಲ್ಲಾಪುರದಿಂದ ಬಂದ ಬೀಗರಿಗೆ ಒಪ್ಪಿಗೆಯಾಗಲಿಲ್ಲ. ಶಿರಸಿ–ಯಲ್ಲಾಪುರ ದಾರಿಯ ಬದಿಗಿರುವ ಸಹಸ್ರಲಿಂಗದಲ್ಲಿ ಶಾಲ್ಮಲೆಯ ಬಂಡೆಬಂಡೆಗೂ ಲಿಂಗ ಕಡೆದಿದ್ದಾರೆ. ಮಳೆಗಾಲದಲ್ಲಿ ಹೊಳೆಯೇ ಅಭಿಷೇಕ ಮಾಡುತ್ತದೆ. ನೀರಿಳಿದ ಮೇಲೆ ಶಿವರಾತ್ರಿಗೆ ಊರೆಲ್ಲ ಮುಟ್ಟಿ ಪೂಜಿಸುತ್ತದೆ. ಇಲ್ಲಿ ಕೈ ಚಾಚಿದರೆ ಕಾವಲುಗಾರ ಕೆಮ್ಮುತ್ತಾನೆ.

ರವೀಂದ್ರನಾಥ ಟ್ಯಾಗೋರರ ಮಾತು ಬಂದಾಗ ಗಾಳಿ ತಿರುಗಿತು. ಅರವತ್ತು ದಾಟಿದ ಮೇಲೆ ಕುಂಚ ಹಿಡಿದವರು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಗೀಚುತ್ತ ಗೀಚುತ್ತ ಕಂಡರಿಯದ ಪ್ರಾಣಿಗಳನ್ನು ಮಾಡಿದವರು. ಮಾವನೂ ಅರವತ್ತು ದಾಟಿದವರು, ಮೇಲಾಗಿ ತಾಳಮದ್ದಳೆಯ ಹಳೇ ಅರ್ಥಧಾರಿ. ಒಂದು ಪದ್ಯಕ್ಕೆ ಅರ್ಧ ತಾಸು ಅರ್ಥ ಹೇಳುವವರಿಗೆ ಹೆಸರಿಲ್ಲದ ಚಿತ್ರ ಯಾವ ಲೆಕ್ಕ? ಶಾಲು ಹೆಗಲಿಗೆಳೆದುಕೊಂಡು ಎದುರಿದ್ದ ಚಿತ್ರದ ಕೊಕ್ಕಿನಾಕೃತಿಯನ್ನು ಶಾಪಗ್ರಸ್ತ ಗಂಧರ್ವನೆಂದು ಸ್ಥಾಪಿಸತೊಡಗಿದರು. ನಾಲ್ಕು ಜನ ಸೇರಿದರು. ಮುಚ್ಚುವ ಹೊತ್ತಾಯಿತೆಂದು ಹೇಳಲು ಬಂದ ಕಾವಲುಗಾರ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಶಾಪ ಕೊಟ್ಟವರು ಯಾರು ಸಾರ್?" ಎಂದು ಎದುರು ಅರ್ಥಕ್ಕೇ ನಿಂತ.