ಕಿಂಡಲ್ ಕೊಳ್ಳಲಿರುವವರು

ಕಿಂಡಲ್ ಕೊಳ್ಳಲಿರುವವರು ಕಿಂಡಲ್ ಕೊಂಡವರಿಗಿಂತ ಅದರ ಬಗ್ಗೆ ಹೆಚ್ಚು ಬಲ್ಲವರು. ಊರಿಗೊಬ್ಬರಾದರೂ ಇರುವ ಈ ಓದುಗರಲ್ಲಿ ಬಾರ್ಕೂರಿನವರ ಲಕ್ಷಣ ಹೀಗಿರುತ್ತದೆ: ಬ್ಯಾಂಕಿನಿಂದ ನಿವೃತ್ತಿಯಾಗಿದೆ, ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದರದು ಬಾಕಿ ಇದೆ, ಮನೆಯಲ್ಲಿ ಎರಡು ಕಪಾಟು ಪುಸ್ತಕಗಳಿದ್ದು, ಕೋಟದ ಕಾರಂತರ ಕಾದಂಬರಿಗಳೇ ಒಂದು ಸಾಲು ತುಂಬಿವೆ. ಪ್ರತಿ ಆಷಾಢದಲ್ಲೂ ಆ ಸಾಲಿಗೆ ಬೂಸ್ಟು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಳಿಯನೊಬ್ಬ ಇರುತ್ತಾನೆ. ಹಣಕ್ಕೆ ಕೊರತೆಯಿಲ್ಲ. ಇನ್ನೊಂದೇ ಒಂದು ಮಾಹಿತಿ ಬರಬೇಕಾಗಿದೆ, ಬಂದ ಕೂಡಲೇ ಕೊಳ್ಳುವುದೇ.

ಇ-ಪುಸ್ತಕ ಓದಲೆಂದು ಅಮೆಜಾನ್ ಕಂಪನಿ ಮಾಡಿದ ಈ ಸಾಧನ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2007ರ ನವೆಂಬರಿನಲ್ಲಿ, 399 ಡಾಲರಿಗೆ. ಭಾರತಕ್ಕೆ ಬಂದದ್ದು 2012ರಲ್ಲಿ, 6,999 ರೂಪಾಯಿಗೆ. ಮಾದರಿಗಳನ್ನು ಹೋಲಿಸಲು ಬಾರ್ಕೂರಿನವರು ಇಟ್ಟ ಪಟ್ಟಿಯ ಮೊದಲ ಪುಟವೂ ಆ ಕಾಲದ್ದೇ. ಬ್ಯಾಂಕಿನ ಹಳೆಯ ಡೈರಿಯಲ್ಲಿ ಗೆರೆ ಎಳೆದು ಮಾದರಿ, ಪರದೆ, ತೂಕ, ಬೆಲೆ ಎಂದು ಕಾಲಂ ಮಾಡಿರುತ್ತಾರೆ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವು ಎಂದು ಹೇಳಿಕೊಳ್ಳುವ ಊರಿನಲ್ಲಿ ಕೊಳ್ಳದಿರಲು ದಿನಕ್ಕೊಂದು ಆಕ್ಷೇಪ ಹುಟ್ಟುವುದು ದೊಡ್ಡ ಸಂಗತಿಯಲ್ಲ.

ಕಿಂಡಲ್ ಪರದೆಯ ಇ-ಇಂಕ್ ಕೆಲಸ ಮಾಡುವ ಬಗೆಯನ್ನು ಇವರಷ್ಟು ಸ್ಪಷ್ಟವಾಗಿ ವಿವರಿಸುವವರು ಕಡಿಮೆ. ಹೋಟೆಲಿನಲ್ಲಿ ಬನ್ಸ್ ಬರುವ ಮೊದಲೇ ವಿವರಣೆ ಆರಂಭವಾಗುತ್ತದೆ. ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳಿವೆ. ಒಂದೊಂದರಲ್ಲೂ ದ್ರವದಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳಿದ್ದು, ಅವುಗಳ ವಿದ್ಯುದಂಶ ಒಂದಕ್ಕೊಂದು ವಿರುದ್ಧ. ವಿದ್ಯುತ್ ಕೊಟ್ಟಂತೆ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಹಾಗೆ ಮೂಡಿದ ಪುಟ ವಿದ್ಯುತ್ ಇಲ್ಲದೆಯೂ ನಿಂತಿರುತ್ತದೆ. ಪುಟ ತಿರುಗಿಸುವಾಗ ಮಾತ್ರ ಖರ್ಚು. ಹೀಗಾಗಿ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಕಿಂಡಲ್‌ನ ಪೇಪರ್‌ವೈಟ್ ಮಾದರಿಗಳಲ್ಲಿ 2024ರದು ಹನ್ನೆರಡು ವಾರ ಬರುತ್ತದೆಂದು ಕಂಪನಿ ಹೇಳುತ್ತದೆ, ಆದರೆ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದಿನದು. ಗುಣಿಸಿದರೆ 42 ಗಂಟೆ. ಗಂಟೆಯನ್ನು ವಾರವಾಗಿ ತೋರಿಸುವ ಈ ವಿದ್ಯೆ ಬ್ಯಾಂಕಿನಲ್ಲಿ ಬಡ್ಡಿ ದರದ ಫಲಕ ಬರೆದವರಿಗೆ ಹೊಸತಲ್ಲ.

ಮೊಬೈಲಿನ ಪರದೆ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಇ-ಇಂಕ್ ಕಾಗದದಂತೆ ಹೊರಗಿನ ಬೆಳಕಿನಲ್ಲೇ ಕಾಣುತ್ತದೆ. ಕತ್ತಲಾದರೆ ಅದೂ ಕತ್ತಲೆ. 2012ರ ಪೇಪರ್‌ವೈಟ್‌ನಿಂದ ಈಚೆಗೆ ಅಂಚಿನಲ್ಲಿ ದೀಪ ಕೂರಿಸಿ ಪುಟದ ಮೇಲೆ ಬೆಳಕು ಹಾಯಿಸುತ್ತಾರೆ. ಈ ದೀಪ ಸಾಕೇ ಎಂಬುದಕ್ಕೆ ಪಟ್ಟಿಯಲ್ಲಿರುವ ಅಳತೆಗೋಲು ಊರಿನ ಕತ್ತಲೆ ಬಸದಿ. ಅಲ್ಲಿ ಕುಳಿತು ಓದುವ ಉದ್ದೇಶ ಯಾರಿಗೂ ಇಲ್ಲ.

ಪಟ್ಟಿಯಲ್ಲಿ ಅತಿ ಹೆಚ್ಚು ಪುಟ ತಿಂದಿರುವುದು ಆಮೇಲೆ ಸೇರಿಸಿದ ನೀರಿನ ಕಾಲಂ. ಪೇಪರ್‌ವೈಟ್ ಎರಡು ಮೀಟರ್ ಆಳದ ಸಿಹಿನೀರಿನಲ್ಲಿ 60 ನಿಮಿಷ ತಡೆಯುತ್ತದೆ. ಉಪ್ಪುನೀರಾದರೆ ಕಾಲು ಮೀಟರ್ ಆಳದಲ್ಲಿ ಮೂರೇ ನಿಮಿಷ. ಅಮೆರಿಕದಲ್ಲಿ ಇದು ಸರಳ ವಿಷಯವಿರಬಹುದು. ಬಾರ್ಕೂರಿನ ಬದಿಯಲ್ಲಿ ಹರಿಯುವ ಸೀತಾನದಿ ಹಂಗಾರಕಟ್ಟೆಯ ಅಳಿವೆಗೆ ಹತ್ತಿರ. ಏರುನೀರಿಗೆ ಉಪ್ಪು ಒಳಗೆ ಬರುತ್ತದೆ, ಮಳೆಗಾಲದ ನೆರೆ ಅದನ್ನು ಹೊರಗೆ ತಳ್ಳುತ್ತದೆ. ಆದ್ದರಿಂದ ದೋಣಿಯಿಂದ ಬಿದ್ದ ಕಿಂಡಲ್‌ಗೆ ಮೂರು ನಿಮಿಷವೋ ಅರವತ್ತು ನಿಮಿಷವೋ ಎಂಬುದನ್ನು ಪಂಚಾಂಗ ನೋಡಿಯೇ ಹೇಳಬೇಕು. ಇವರು ದೋಣಿ ಹತ್ತಿ ವರ್ಷಗಳಾದವು.

ಬೆಲೆಯ ವಿಚಾರಕ್ಕೆ ಬಂದರೆ ಇವರು ಸ್ವಂತ ನೆಲದಲ್ಲಿರುತ್ತಾರೆ. ಏಳು ಇಂಚಿನ ಹೊಸ ಪೇಪರ್‌ವೈಟ್ 2025ರಲ್ಲಿ ಭಾರತಕ್ಕೆ ಬಂದಾಗ 16,999 ರೂಪಾಯಿ. ಹದಿನೇಳು ಸಾವಿರವನ್ನು ಶೇಕಡಾ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 1,190 ರೂಪಾಯಿ ಬಡ್ಡಿ. ಅಸಲು ಮುಟ್ಟದೆ ನಾಲ್ಕೈದು ಕಾದಂಬರಿ ಕೊಳ್ಳಬಹುದು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದರದೇ ಇ-ಪುಸ್ತಕಕ್ಕೆ ಶೇಕಡಾ 5 ಇದೆ. ಪಿಗ್ಮಿ ಕಟ್ಟುವುದಾದರೆ ದಿನಕ್ಕೆ 50ರಂತೆ 340 ದಿನ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಎರಡಾಣೆಯಿಂದ ಆರಂಭಿಸಿದ ಪಿಗ್ಮಿಯ ನಾಡಿನಲ್ಲಿ ಈ ಲೆಕ್ಕ ಯಾರಿಗೂ ವಿಚಿತ್ರವೆನಿಸುವುದಿಲ್ಲ. 340ನೆಯ ದಿನ ಬರುವಷ್ಟರಲ್ಲಿ ಹೊಸ ಮಾದರಿಯ ಸುದ್ದಿ ಬಂದಿರುತ್ತದೆ. 6,999ಕ್ಕೆ ಸಿಕ್ಕಿದ್ದು ಮೂಲ ಮಾದರಿ, ಈಗಿನದು ಮೇಲ್ದರ್ಜೆಯದು ಎಂದು ಯಾರಾದರೂ ನೆನಪಿಸಿದರೆ, ಕಾದದ್ದರಿಂದ ಮೇಲ್ದರ್ಜೆಯದು ಸಿಗುವಂತಾಯಿತು ಎಂಬ ಉತ್ತರ ಸಿದ್ಧವಿದೆ.

ಇಷ್ಟೆಲ್ಲ ನಗೆಯ ನಡುವೆ ಇವರ ಒಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂದು ಐದು ಭಾಷೆಗಳಿದ್ದವು. ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದವರೇ ಕಟ್ಟಿದ ಇ-ಪುಸ್ತಕದ ಆ್ಯಪ್‌ಗಳು ಮೊಬೈಲಿನಲ್ಲಿ ತೆರೆಯುತ್ತವೆ, ಕಿಂಡಲ್‌ನಲ್ಲಿ ಅಲ್ಲ. ಉಳಿದದ್ದು ಪಿಡಿಎಫ್. ಕನ್ನಡ ಕಾದಂಬರಿಯ ಪುಟದ ಅಗಲ ಸುಮಾರು 14 ಸೆಂಟಿಮೀಟರ್, ಆರು ಇಂಚಿನ ಪರದೆಯದು ಒಂಬತ್ತು. ಹನ್ನೆರಡು ಪಾಯಿಂಟಿನ ಅಕ್ಷರ ಎಂಟಕ್ಕಿಳಿಯುತ್ತದೆ. ಇಂಗ್ಲಿಷ್ ಅಕ್ಷರ ಅಷ್ಟಕ್ಕೂ ಬದುಕೀತು. ಒತ್ತಿಗೆ ಒತ್ತು ಹೆಣೆದ ‘ರಾಷ್ಟ್ರ’ದಂಥ ಪದ ಪೊರೆ ತೆಗೆಸದ ಕಣ್ಣಿಗೆ ಬರೀ ಶಾಯಿಯ ಚುಕ್ಕೆ. ಆಂಡ್ರಾಯ್ಡ್ ಇರುವ ಬೂಕ್ಸ್‌ನಂಥ ಇ-ಇಂಕ್ ಸಾಧನದಲ್ಲಿ ಕನ್ನಡದ ಆ್ಯಪ್ ಹಾಕಿಕೊಳ್ಳಬಹುದು. ಅದಕ್ಕೂ ಡೈರಿಯಲ್ಲಿ ಹೊಸ ಪುಟ ತೆರೆದಿದೆ.

ಕೊನೆಗೆ ಅಳಿಯ. ಮಗನನ್ನು ಬಿಟ್ಟು ಅಳಿಯನಿಗೆ ಆಸ್ತಿ ಸೇರುವ ಕಟ್ಟನ್ನು ಭೂತಾಳಪಾಂಡ್ಯ ತಂದನೆಂಬ ಐತಿಹ್ಯ ಬಾರ್ಕೂರಿನದೇ. ಇಲ್ಲಿ ಅಳಿಯನ ಮಾತಿಗೆ ತೂಕ ಹೆಚ್ಚು. “ಮಾವ, ನಾನೇ ಒಂದ್ ತಕಂಡ್ ಕಳ್ಸ್ತೆ” ಎಂದು ಅವನು ಪ್ರತಿ ದೀಪಾವಳಿಗೂ ಹೇಳುತ್ತಾನೆ. “ಈಗ ತಕಂಬ್ದ್ ಬ್ಯಾಡ, ಹೊಸ್ತ್ ಬತ್ತಂಬ್ರ್” ಎಂಬುದು ಪ್ರತಿ ದೀಪಾವಳಿಯ ಉತ್ತರ. ಹಾಗೆಂದು ಓದು ನಿಂತಿಲ್ಲ: ಕಾರಂತರ ಸಾಲನ್ನು ಚೌತಿಯ ನಂತರದ ಬಿಸಿಲಿಗೆ ಒಣಗಿಸಿ, ಒಂದೊಂದಾಗಿ ಮತ್ತೆ ಓದುತ್ತಾರೆ.

ಯಾವ ಸಾಧನ ಕೊಳ್ಳಬೇಕೆಂದು ತಿಳಿಯಬೇಕಾದವರು ಇವರನ್ನೇ ಕೇಳಬಹುದು, ಹೇಳುವುದರಲ್ಲಿ ಒಂದು ಅಂಕಿಯೂ ತಪ್ಪಿರುವುದಿಲ್ಲ. ಈ ವರ್ಷವೇ ಕೊಳ್ಳಬೇಕೆಂದಿರುವವರು ಮಾತ್ರ ಕೇಳದಿರುವುದು ಒಳ್ಳೆಯದು.