ನೀರಿಲ್ಲದ ಊರಿಗೆ ಸ್ವಾಗತ

ಬೆಂಗಳೂರಿನಲ್ಲಿ ದೊಡ್ಡವರಿಗೆ ಸಿಟ್ಟು ಬಂದರೆ ಒಂದೇ ಬೆದರಿಕೆ: ‘ನೀರಿಲ್ಲದ ಜಾಗಕ್ಕೆ ಎತ್ತಿ ಹಾಕಿಸ್ತೀನಿ.’ ಆ ಜಾಗಕ್ಕೆ ಹೆಸರಿದೆ. ಪಿನ್‌ಕೋಡ್ ಇದೆ. ಮತದಾರರ ಪಟ್ಟಿಯೂ ಇದೆ. ಯಾರೂ ಎತ್ತಿ ಹಾಕದೆ, ತಾವಾಗಿಯೇ ಅಲ್ಲಿ ಹುಟ್ಟಿದವರ ಅಪರಾಧ ಏನೆಂಬುದು ಮಾತ್ರ ಯಾವ ವರ್ಗಾವಣೆ ಆದೇಶದಲ್ಲೂ ಇಲ್ಲ.

ಈ ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಸರಸಂಬಾ ಕಡೆಗೆ ರಾಜಧಾನಿಯಿಂದ ಒಂದು ತಂಡ ಬಂತು. ‘ಕ್ಷೇತ್ರ ಅಧ್ಯಯನ’ವಂತೆ. ಮೂರು ಕಾರು. ಮೂರಕ್ಕೂ ಗಾಜು ಏರಿಸಿತ್ತು. ಡಿಕ್ಕಿಯಲ್ಲಿ ನೀರಿನ ಬಾಟಲಿಗಳ ಪೆಟ್ಟಿಗೆ. ಒಬ್ಬರು ಇಳಿದರು, ಕಪ್ಪು ಕನ್ನಡಕ ಏರಿಸಿದರು, ಬೇವಿನ ನೆರಳಿಗೆ ಓಡಿದರು. ‘ಅಬ್ಬಾ, ಇದು ಮರುಭೂಮಿ ಕಣ್ರೀ!’

ಅಲ್ಲ ಸ್ವಾಮಿ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ನಮ್ಮ ಜಿಲ್ಲೆಯ ಸರಾಸರಿ 700ರ ಮೇಲೆ. ನಿಮ್ಮ ಬೂಟಿಗೆ ಅಂಟಿದ್ದು ಮರಳಲ್ಲ, ಎರೆಮಣ್ಣು. ಅಮರ್ಜಾ ಅಣೆಕಟ್ಟು ಇದೇ ತಾಲ್ಲೂಕಿನಲ್ಲಿದೆ. ಅಫಜಲಪುರ, ಜೇವರ್ಗಿಗಳಲ್ಲಿ ಭೀಮೆ ಹರಿಯುತ್ತಾಳೆ. ಇದನ್ನು ಮರುಭೂಮಿ ಮಾಡಲು ದೇವರು ಒಪ್ಪಲಿಲ್ಲ. ಕಡತಗಳು ಒಪ್ಪಿದವು.

ಅಧ್ಯಯನ ಶುರುವಾಯಿತು. ಕಟ್ಟೆಯ ಮೇಲಿದ್ದ ಮುದುಕನನ್ನು ಕೇಳಿದರು: ‘ನೀರು ಎಲ್ಲಿಂದ ತರ್ತೀರಿ?’

‘ಟ್ಯಾಂಕರ್ ಬಂದ್ರ ಟ್ಯಾಂಕರದ್ದ್ರಿ. ಬರಲಿಲ್ಲಂದ್ರ ಹೊಲದಾಗಿನ ಬಾವೀದ್ರಿ.’

‘ಎಷ್ಟು ದೂರ?’

‘ಮುಂಜಾನಿ ಸಮೀಪ ಅದರಿ. ಮಧ್ಯಾಹ್ನ ಭಾಳ ದೂರ.’

ಬರೆದುಕೊಳ್ಳುವ ಹುಡುಗ ಪೆನ್ನು ಎತ್ತಿ ಹಿಡಿದುಕೊಂಡೇ ನಿಂತ. ನಮೂನೆಯಲ್ಲಿ ಕಿಲೋಮೀಟರ್‌ಗಷ್ಟೇ ಜಾಗವಿತ್ತು.

ನಮಗೆ ಅಧ್ಯಯನದ ಬರ ಎಂದೂ ಬಿದ್ದಿಲ್ಲ. 2002ರಲ್ಲೇ ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿ ಹೇಳಿತ್ತು: ರಾಜ್ಯದಲ್ಲಿ 39 ತಾಲ್ಲೂಕು ಅತ್ಯಂತ ಹಿಂದುಳಿದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಪಾಸು. ಎಂಟು ವರ್ಷದಲ್ಲಿ ಸರಿಪಡಿಸಿ ಎಂದೂ ಹೇಳಿತ್ತು. ಎಂಟು ಆಯಿತು, ಹದಿನಾರು ಆಯಿತು, ಈಗ ಎಣಿಸುವವರಿಗೇ ಬೇಸರ.

ಸರ್ಕಾರ ಸುಮ್ಮನೆ ಕೂತಿಲ್ಲ ಬಿಡಿ, ಹೆಸರು ಬದಲಿಸಿದೆ. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಅದಕ್ಕೂ ಮೊದಲೇ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ಸಂವಿಧಾನಕ್ಕೆ ಸೇರಿತ್ತು. ಕಲ್ಯಾಣ ಫಲಕಕ್ಕೆ ಬಂದಿದೆ. ಕೊಡ ಮಾತ್ರ ಇನ್ನೂ ಸಾಲಿನಲ್ಲಿದೆ.

2019ರ ಇನ್ನೊಂದು ಕಥೆ ಕೇಳಿ. ಜೂನ್‌ನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ಅಫಜಲಪುರ ತಾಲ್ಲೂಕಿನ ಹೇರೂರಿನಲ್ಲಿ ಗ್ರಾಮ ವಾಸ್ತವ್ಯ ಮಾಡಬೇಕಿತ್ತು. ಶಾಮಿಯಾನ ಎದ್ದಿತು. ವಾಸ್ತವ್ಯ ಮುಂದಕ್ಕೆ ಹೋಯಿತು. ಕಾರಣ? ಮಳೆ! ವರ್ಷವಿಡೀ ಮುಗಿಲು ನೋಡುವ ಸೀಮೆಯಲ್ಲಿ ಸರ್ಕಾರವನ್ನು ತಡೆಯಲು ವರುಣ ಖುದ್ದಾಗಿ ಬಂದ. ನಗಬೇಕೋ ಅಳಬೇಕೋ ತಿಳಿಯದೆ ಬಿತ್ತಲು ಹೋದೆವು.

ನಮ್ಮನ್ನು ಯಾರೂ ನೆನೆಯುವುದಿಲ್ಲ ಎಂದರೂ ತಪ್ಪಾದೀತು. 2023ರ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಹೋದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಹೋದರೆ ‘ಸರ್ವರ್ ಡೌನ್’. ತೆಗೆಯುವವರಿಗೆ ಸರ್ವರ್ ಎಷ್ಟು ಚೆನ್ನಾಗಿ ಓಡುತ್ತದೆ ನೋಡಿ.

ಅತ್ತ ತಂಡಕ್ಕೆ ಹಸಿವಾಯಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ‘ಎಷ್ಟು ಸಿಂಪಲ್ ಜೀವನ!’ ಎಂದರು. ಸೊಲ್ಲಾಪುರದ ಆಸ್ಪತ್ರೆಗೆ ಹೊಲ ಅಡವಿಟ್ಟವನೇ ಬಡಿಸುತ್ತಿದ್ದ. ಊರಿನ ಹುಡುಗರು ಎಲ್ಲಿ ಎಂದು ಯಾರೋ ಕೇಳಿದರು. ಪುಣೆ, ಮುಂಬೈಗೆ ದುಡಿಯಲು ಗುಳೆ ಹೋಗಿದ್ದಾರೆ. ಅದಕ್ಕೂ ಕಾಲಂ ಇರಲಿಲ್ಲ.

ಮೂರು ಗಂಟೆಗೆ ಅಧ್ಯಯನ ಮುಗಿಯಿತು. ಗಾಣಗಾಪುರದಲ್ಲಿ ದತ್ತನ ದರ್ಶನ ತಪ್ಪಬಾರದಲ್ಲ! ಹೊರಡುವಾಗ ತೊಗರಿ ಬೇಳೆ ಬೇಕೆಂದರು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಬೇಳೆ ಎಂಬುದು ಅವರಿಗೆ ಬಾಯಿಪಾಠ. ಆದರೂ ಕಿಲೋಗೆ ಹತ್ತು ರೂಪಾಯಿ ಚೌಕಾಸಿ ಮಾಡಿದರು.

ಆಮೇಲೆ ಡ್ರೈವರ್ ಡಿಕ್ಕಿ ತೆಗೆದು ಉಳಿದ ತುಂಬಿದ ಬಾಟಲಿಗಳನ್ನು ಎಣಿಸಿ ಒಳಗಿಟ್ಟ. ಖಾಲಿ ಬಾಟಲಿಗಳು ಬೇವಿನ ಬುಡದಲ್ಲೇ ಉಳಿದವು. ಕಾರು ತಿರುವು ದಾಟುವ ಮೊದಲೇ ಮಕ್ಕಳು ಅವನ್ನು ಹಂಚಿಕೊಂಡಿದ್ದರು.