ಹಿಟ್ಟಿನ ಹುಂಜಕ್ಕೊಂದು ಬಹಿರಂಗ ಪತ್ರ

ಹೊಸಕೋಟೆ,
ಆಯುಧಪೂಜೆಯ ಮಾರನೇ ದಿನ

ಮಹಾರಾಜಶ್ರೀ ಹಿಟ್ಟಿನ ಹುಂಜದವರ ಸನ್ನಿಧಾನಕ್ಕೆ,

ಹೊಸಕೋಟೆಯ ಸಮಸ್ತ ಅಹಿಂಸಾವಾದಿಗಳ ಪರವಾಗಿ ಸಾಷ್ಟಾಂಗ ನಮಸ್ಕಾರ. ಇತ್ತ ಕಡೆ ಎಲ್ಲ ಕ್ಷೇಮ. ತಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎನ್ನುವಂತಿಲ್ಲ. ತಾವು 1209ರಲ್ಲೇ, ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ, ಒಂದೇ ಏಟಿಗೆ ತೀರಿಹೋದವರು. ಆಮೇಲೆ ಗಿರೀಶ ಕಾರ್ನಾಡರು ತಮ್ಮ ಹೆಸರಿನಲ್ಲೇ ನಾಟಕ ಬರೆದು ರಂಗದ ಮೇಲೆ ಇನ್ನೊಮ್ಮೆ ತಂದರು. ಕನ್ನಡ ನಾಡಿನಲ್ಲಿ ಸತ್ತ ಮೇಲೆ ಇಷ್ಟು ಮರ್ಯಾದೆ ಸಿಕ್ಕಿದ ಕೋಳಿ ಬೇರೊಂದಿಲ್ಲ.

ನಮ್ಮೂರಿನ ಹೆಸರು ಕೇಳಿ ತಾವು ಬೆಚ್ಚಿಬಿದ್ದಿರಬಹುದು. ಹೊಸಕೋಟೆ ಎಂದರೆ ಈಗ ಅವಿಮುಕ್ತೇಶ್ವರನ ತೇರು ನೆನಪಾಗುವುದು ಆಮೇಲೆ, ಮೊದಲು ನೆನಪಾಗುವುದು ದಮ್ ಬಿರಿಯಾನಿ. ಭಾನುವಾರ ನಸುಕಿನ ನಾಲ್ಕಕ್ಕೆ ಬೆಂಗಳೂರಿನ ಕಾರುಗಳು ಹಳೇ ಮದ್ರಾಸು ರಸ್ತೆ ಹಿಡಿದು ಬಂದು ಸಾಲುಗಟ್ಟುತ್ತವೆ. ಸೌದೆ ಒಲೆಯ ಹೊಗೆ, ಮಂಕಿ ಟೋಪಿ, ಮುತ್ತುಗದ ಎಲೆ, ಟೋಕನ್. ಅಲ್ಲಿ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ, ಯಾರೂ ಯಾರನ್ನೂ ತಳ್ಳುವುದಿಲ್ಲ. ಕುರಿಗೆ ಇದರಿಂದ ಮೂರು ಕಾಸಿನ ಲಾಭವೂ ಇಲ್ಲ, ಒಪ್ಪಿದೆ. ಆದರೆ ತಟ್ಟೆಗೆ ಬಿದ್ದದ್ದು ನಿನ್ನೆ ಉಸಿರಾಡುತ್ತಿತ್ತೆಂದು ಅಲ್ಲಿ ನಿಂತವರಿಗೆ ಗೊತ್ತು, ಗೊತ್ತಿಲ್ಲವೆಂದು ಅವರು ನಟಿಸುವುದೂ ಇಲ್ಲ. ಆದ್ದರಿಂದ ಅವರ ಲೆಕ್ಕವನ್ನು ಅವರೇ ತಮ್ಮೊಂದಿಗೆ ಮಾತಾಡಿಕೊಳ್ಳಲಿ. ನಾನು ಬರೆಯುತ್ತಿರುವುದು ಕೈಗೆ ರಕ್ತ ಅಂಟದವರ ಪರವಾಗಿ. ತಮ್ಮ ನಿಜವಾದ ಭಕ್ತರು ನಾವು.

ತಮ್ಮ ಕಥೆ ನಮಗೆ ಬಾಯಿಪಾಠ. ಉಜ್ಜಯಿನಿಯ ಅರಸ ಯಶೋಧರ. ರಾಣಿ ಅಮೃತಮತಿ ಮಾವುತನ ಹಾಡಿಗೆ ಮನಸೋತು ಅವನಲ್ಲಿಗೆ ಹೋದದ್ದನ್ನು ಕಣ್ಣಾರೆ ಕಂಡ. ಕತ್ತಿ ಎತ್ತಿದ, ತಡೆದುಕೊಂಡ, ಇಳಿಸಿದ. ಎಂಥ ಸಂಯಮ! ಮರುದಿನ ರಾಣಿಯನ್ನು ಸರಸದ ನೆಪದಲ್ಲಿ ನೈದಿಲೆ ಹೂವಿನಿಂದ ಹೊಡೆದ, ಅವಳು ಮೂರ್ಛೆ ಹೋದಂತೆ ಬಿದ್ದಳು. ತಾಯಿ ಚಂದ್ರಮತಿ ಯಾಕೋ ಮಗನೇ ಮುಖ ಸಪ್ಪಗಿದೆ ಎಂದಾಗ, ಕೆಟ್ಟ ಕನಸು ಬಿತ್ತು ಎಂದು ಸುಳ್ಳು ಹೇಳಿದ. ಕನಸಿನ ದೋಷಕ್ಕೆ ದೇವಿಗೆ ಬಲಿ ಕೊಡೆಂದಳು ಆಕೆ. ಜೀವ ತೆಗೆಯಲಾರೆ ಎಂದ ಈತ. ಕೊನೆಗೆ ಇಬ್ಬರೂ ರಾಜಿಯಾದದ್ದು ತಮ್ಮ ಮೇಲೆ. ಹಿಟ್ಟು ಕಲಸಿ, ಕೊಕ್ಕು ಪುಕ್ಕ ತಿದ್ದಿ, ಬಣ್ಣ ಬಳಿದು ತಮ್ಮನ್ನು ನಿಲ್ಲಿಸಿದರು. ಕತ್ತಿ ಬಿತ್ತು. ತಾವು ಸುಮ್ಮನೆ ಎರಡು ಹೋಳಾಗಿದ್ದರೆ ಎಲ್ಲ ಸುಖಾಂತ್ಯ. ಆದರೆ ತಾವು ಕೂಗಿಬಿಟ್ಟಿರಿ!

ಆ ಒಂದು ಕೂಗಿಗೆ ತಾಯಿ ಮಗ ತೆತ್ತದ್ದು ಎಷ್ಟು! ರಾಣಿ ಹಾಕಿದ ವಿಷಕ್ಕೆ ಇಬ್ಬರೂ ಸತ್ತರು. ನವಿಲು, ನಾಯಿ, ಮುಳ್ಳುಹಂದಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೊನೆಗೆ ತಮ್ಮದೇ ಕುಲದ ಕೋಳಿ ಎಂದು ಹುಟ್ಟಿ ಹುಟ್ಟಿ ಸತ್ತರು. ಒಂದು ಹಿಡಿ ಹಿಟ್ಟಿಗೆ ಇಷ್ಟು ದಂಡವೇ? ಜನ್ನನ ತೀರ್ಪು ಒಂದೇ: ಹಿಟ್ಟು ಸಾಯಲಿಲ್ಲ ನಿಜ, ಕೊಲ್ಲುವ ಸಂಕಲ್ಪ ಮಾತ್ರ ಪೂರ್ತಿಯಾಯಿತು. ಜೈನರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಅಡುಗೆ, ಮನೆವಾರ್ತೆಯಲ್ಲಿ ಆಗುವುದು ಆರಂಭಿ, ಕಸುಬಿನಲ್ಲಿ ಆಗುವುದು ಉದ್ಯೋಗಿ, ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವುದು ವಿರೋಧಿ, ಬೇಕೆಂದೇ ಮಾಡುವುದು ಸಂಕಲ್ಪಿ. ಗೃಹಸ್ಥನಿಗೆ ಮೊದಲ ಮೂರರಲ್ಲಿ ಅಷ್ಟಿಷ್ಟು ವಿನಾಯಿತಿ ಉಂಟು, ನಾಲ್ಕನೆಯದರಲ್ಲಿ ಇಲ್ಲ.

ನಾವು ಹೊಸಕೋಟೆಯವರು ಈ ಪದ್ಧತಿಯನ್ನು ಸುಧಾರಿಸಿದ್ದೇವೆ ಎಂದು ತಿಳಿಸಲು ಹೆಮ್ಮೆಯಾಗುತ್ತದೆ. ಮೊದಲ ಮೂರನ್ನು ಕಟ್ಟುನಿಟ್ಟಾಗಿ ಬಿಟ್ಟಿದ್ದೇವೆ, ನಾಲ್ಕನೆಯದನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಆರಕ್ಕೆ ವಾಟ್ಸಾಪಿನಲ್ಲಿ ದಯೆಯ ಮೇಲೊಂದು ವಚನ, ಜೊತೆಗೆ ಗುಲಾಬಿ. ಹತ್ತು ಗಂಟೆಗೆ ಅದೇ ಗುಂಪಿನಲ್ಲಿ, ಯಾರದೋ ಫೋಟೊ ಕೆಳಗೆ, ‘ಇಂಥವರನ್ನು ನಡುಬೀದಿಯಲ್ಲಿ ನೇಣಿಗೆ ಹಾಕಬೇಕು’. ಅದಕ್ಕೆ ಕೈಮುಗಿದ ಚಿಹ್ನೆಗಳ ಸುರಿಮಳೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬಾಡಿಗೆ ಬೋರ್ಡು ತೂಗುಹಾಕಿ, ಕೇಳಲು ಬಂದ ಹುಡುಗನ ಹೆಸರು ಕೇಳಿದೊಡನೆ ಮನೆ ಆಗಲೇ ಹೋಯಿತಲ್ಲ ಎನ್ನುತ್ತೇವೆ. ಎಷ್ಟು ನಯವಾಗಿ ಎಂದರೆ, ಅವನು ಥ್ಯಾಂಕ್ಸ್ ಹೇಳಿ ಹೋಗುತ್ತಾನೆ. ಟೋಲ್‌ಗೇಟಿನಲ್ಲಿ ಮುಂದಿನ ಕಾರಿನ ಫಾಸ್ಟ್ಯಾಗ್ ಅರೆ ನಿಮಿಷ ಕೈಕೊಟ್ಟರೆ ಸಾಕು, ಅವನ ಏಳು ತಲೆಮಾರು ನಮ್ಮ ಮನಸ್ಸಿನಲ್ಲಿ ನಿರ್ವಂಶ. ಎಲ್ಲೂ ಒಂದು ಹನಿ ರಕ್ತವಿಲ್ಲ.

ತಂತ್ರಜ್ಞಾನದಲ್ಲೂ ನಮ್ಮೂರು ಹಿಂದೆ ಬಿದ್ದಿಲ್ಲ. ಲಡಾಖಿನ ಹಾನ್ಲೆಯ ಬೆಟ್ಟದ ಮೇಲಿರುವ ಎರಡು ಮೀಟರಿನ ದೂರದರ್ಶಕವನ್ನು ವಿಜ್ಞಾನಿಗಳು ಹೊಸಕೋಟೆಯ ಕೇಂದ್ರದಲ್ಲಿ ಕೂತು, ಉಪಗ್ರಹದ ಮೂಲಕ ನಡೆಸುತ್ತಾರೆ. ಇಲ್ಲಿ ಬೆರಳಾಡಿಸಿದರೆ ಅಲ್ಲಿ ಕನ್ನಡಿ ನಕ್ಷತ್ರದ ಕಡೆ ತಿರುಗುತ್ತದೆ. ನಮ್ಮ ಸಂಕಲ್ಪವೂ ಹಾಗೇ: ಇಲ್ಲಿ ಫಾರ್ವರ್ಡ್ ಒತ್ತಿದರೆ ಎಲ್ಲೋ ಇನ್ಯಾರದೋ ಕಲ್ಲು ಏಳುತ್ತದೆ. ವಿಜ್ಞಾನಿಗಳು ಯಾವ ರಾತ್ರಿ ಯಾವ ನಕ್ಷತ್ರ ನೋಡಿದೆವೆಂದು ಬರೆದಿಡುತ್ತಾರೆ, ನಾವು ಅದನ್ನು ಮಾತ್ರ ಮಾಡುವುದಿಲ್ಲ.

ತಮ್ಮ ವಂಶವೂ ನಿಂತಿಲ್ಲ, ಸಂತೋಷಪಡಿ. ನಿನ್ನೆ ಲಾರಿ, ಬಸ್ಸು, ಜೆಸಿಬಿ, ಸ್ಕೂಟರುಗಳ ಮುಂದೆ ತಮ್ಮ ಮರಿಮೊಮ್ಮಕ್ಕಳು ಸಾಲಾಗಿ ಬಲಿಯಾದರು. ಹೊಟ್ಟೆ ಕೊರೆದು ಕುಂಕುಮ ತುಂಬಿದ ಬೂದುಗುಂಬಳಕಾಯಿ, ಚಕ್ರದಡಿಯ ನಿಂಬೆಹಣ್ಣು. ಯಾವ ಜೀವವನ್ನೂ ಕೊಲ್ಲದೆ ನೆತ್ತರಿನ ಬಣ್ಣವನ್ನಷ್ಟೇ ಉಳಿಸಿಕೊಂಡ ಅಪ್ಪಟ ಸಾತ್ವಿಕ ಏರ್ಪಾಟು. ದೃಷ್ಟಿ ಕಳೆಯಿತೆಂದು ಎಲ್ಲರೂ ಮನೆಗೆ ಹೋದೆವು. ಇವತ್ತು ಬೆಳಿಗ್ಗೆ ಆ ಲೋಳೆಯ ಮೇಲೆ ಹಾಲಿನವನ ಟಿವಿಎಸ್ ಜಾರಿತು. ಎರಡು ಕ್ಯಾನು ಹಾಲು ಮೋರಿಗೆ, ಮೊಣಕಾಲಿನ ಚರ್ಮ ಡಾಂಬರಿಗೆ. ಸುತ್ತ ನಿಂತವರು ಅಯ್ಯೋ ಪಾಪ ಎಂದರು. ನಂತರ, ನೋಡಿಕೊಂಡು ಬರಬಾರದಾ ಎಂದರು. ಕುಂಬಳಕಾಯಿ ಹೋಳುಗಳನ್ನು ಬದಿಗೆ ಸರಿಸಿದ್ದು ಪೌರಕಾರ್ಮಿಕ ಹೆಂಗಸು ಒಬ್ಬಳೇ. ಅವಳು ಅಹಿಂಸೆಯ ಬಗ್ಗೆ ಏನೂ ಮಾತಾಡಲಿಲ್ಲ. ಇನ್ನೊಬ್ಬರು ಬೀಳಬಾರದು ನೋಡಿ ಎಂದಳು, ಅಷ್ಟೇ. ನಮ್ಮ ಗುಂಪಿಗೆ ಅವಳನ್ನು ಸೇರಿಸಿಲ್ಲ.

ತಮ್ಮ ಕಥೆಯಲ್ಲಿ ನಮಗೆ ಅರ್ಥವಾಗದ ಭಾಗ ಒಂದಿದೆ. ಅದೇ ತಾಯಿ ಮಗ ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣ ತಂಗಿಯಾಗಿ ಹುಟ್ಟುತ್ತಾರೆ. ಮಾರಿಗುಡಿಯಲ್ಲಿ ಬಲಿಗೆಂದು ಅವರನ್ನು ಹಿಡಿದು ತಂದಾಗ, ರಾಜ ಮಾರಿದತ್ತ ಕತ್ತಿ ಹಿಡಿದು ನಿಂತಿರುವಾಗ, ಆ ಮಕ್ಕಳು ಅವನನ್ನು ದ್ವೇಷಿಸುವುದಿಲ್ಲ, ಶಪಿಸುವುದಿಲ್ಲ. ತಮಗಾದದ್ದನ್ನು ಹೇಳುತ್ತಾರೆ. ಅವನು ಕೇಳಿಸಿಕೊಳ್ಳುತ್ತಾನೆ. ಕತ್ತಿ ಇಳಿಯುತ್ತದೆ. ಯಶೋಧರನದೂ ಇಳಿದಿತ್ತು, ಸಿಟ್ಟು ಮಾತ್ರ ಒಳಗೇ ಉಳಿದು ಹೂವಾಗಿ, ಸುಳ್ಳಾಗಿ, ಹಿಟ್ಟಾಗಿ ಹೊರಬಂತು. ಮಾರಿದತ್ತನ ಕತ್ತಿಯೊಂದಿಗೆ ಕೊಲ್ಲುವ ಆಸೆಯೂ ಇಳಿಯಿತು. ಇದಕ್ಕೆ ಕಾಯಿ ಬೇಡ, ಹಿಟ್ಟು ಬೇಡ, ಮುಂದೆ ನಿಂತವರ ಮಾತನ್ನು ಪೂರ್ತಿ ಕೇಳಬೇಕು ಎನ್ನುತ್ತಾನೆ ಜನ್ನ. ಇದು ನಮ್ಮಂಥ ಬಿಡುವಿಲ್ಲದವರಿಂದ ಆಗುವ ಕೆಲಸವೇ, ತಾವೇ ಹೇಳಿ.

ಆದಕಾರಣ ನಮ್ಮ ವಿನಂತಿ ಇಷ್ಟೇ. ಮುಂದೆ ಯಾರು ತಮ್ಮನ್ನಾಗಲಿ, ತಮ್ಮ ವಂಶದ ಕುಂಬಳಕಾಯಿಯನ್ನಾಗಲಿ, ಮನಸ್ಸಿನಲ್ಲೇ ಕಡಿದ ನೆರೆಯವನನ್ನಾಗಲಿ ಬಲಿ ಕೊಟ್ಟರೂ ದಯವಿಟ್ಟು ಕೂಗಬೇಡಿ. ಎಲ್ಲರೂ ಒಟ್ಟಿಗೆ ಕೂಗತೊಡಗಿದರೆ ಬಿರಿಯಾನಿಗೆ ಏಳಲು ಈ ಊರಿನಲ್ಲಿ ಅಲಾರಂ ಬೇಕಾಗುವುದಿಲ್ಲ. ನಮ್ಮಂಥ ಶುದ್ಧ ಸಸ್ಯಾಹಾರಿಗಳಿಗಂತೂ ನಿದ್ದೆಯೇ ಹತ್ತುವುದಿಲ್ಲ.

ಇಂತಿ ತಮ್ಮ ವಿಧೇಯ,
ಇದುವರೆಗೆ ಒಂದು ಸೊಳ್ಳೆಯನ್ನೂ ಕೊಲ್ಲದ ಕೊಲೆಗಾರರ ಸಂಘದ ಪರವಾಗಿ, ಅದರ ಖಾಯಂ ಸದಸ್ಯ